ಅಪ್‌ಡೇಟ್: ಅಬು ಸಿಂಬೆಲ್ ನೋಡಿ ಬಂದೆವು

ಈಜಿಪ್ಟಿನ ಅಸ್ವಾನ್ ನಗರದಿಂದ ಒಂದೇ ದಿನದಲ್ಲಿ, ಪ್ರಾಚೀನ ಬಂಡೆ ದೇಗುಲವಿರುವ ಅಬು ಸಿಂಬೆಲ್‌ಗೆ ಹೋಗಿ ಬರುವುದು ಹೇಗೆಂದು ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ. ಬೆಳಗಿನ ಜಾವ ನಾಲ್ಕಕ್ಕೇ ವ್ಯಾನಿನಲ್ಲಿ ಹೊರಡಿ ಎಂದವರ ಮಾತು ಫಲಿಸಿತು. ಬಿಸಿಲೇರುವ ಮುನ್ನವೇ ದೇಗುಲದೆದುರು ನಿಂತಿದ್ದೆವು. ಫಲಕಗಳನ್ನು ಓದಿಕೊಂಡರೆ ಸಾಕೆಂಬ ಸಲಹೆ ಮಾತ್ರ ನನಗೆ ಒದಗಲಿಲ್ಲ, ಗೈಡ್ ಹೊರಗೇ ನಿಲ್ಲಿಸಿ ವಿವರಿಸಿದ ಮೇಲೆಯೇ ಚರಿತ್ರೆ ಮನಸ್ಸಿಗಿಳಿಯಿತು. ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸ್ ಕ್ರಿ.ಪೂ. 13ನೆಯ ಶತಮಾನದಲ್ಲಿ ಬಂಡೆಯಲ್ಲಿ ಕೊರೆಸಿದ ಈ ದೇಗುಲವು ಅಸ್ವಾನ್ ಹೈ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗದಿರಲೆಂದು, 1964ರಿಂದ 1968ರ ನಡುವೆ ಅದನ್ನು ತುಂಡುತುಂಡಾಗಿ ಕತ್ತರಿಸಿ, ಮೊದಲಿದ್ದ ಜಾಗಕ್ಕಿಂತ ಸುಮಾರು 65 ಮೀಟರ್ ಎತ್ತರದಲ್ಲಿ ಮರುಜೋಡಿಸಿದ್ದಾರೆ. ಹಿಂದಿನ ಗುಡ್ಡವೂ ಕೃತಕವೆಂದು ತಿಳಿದು ಬೆರಗಾದೆ! ಪ್ರಾಚೀನ ಕಾಲದಲ್ಲೇ ಮುರಿದುಬಿದ್ದ, ದೇಗುಲದ ಮುಂಭಾಗದ ವಿಗ್ರಹವೊಂದರ ತಲೆಯನ್ನು ಸರಿಪಡಿಸದೆ, ಮೊದಲು ಬಿದ್ದಿದ್ದಂತೆಯೇ ಪಾದದ ಬಳಿ ಇರಿಸಿದ್ದಾರೆ. ಆ ನಿಷ್ಠೆ ನನ್ನ ಮನಸ್ಸನ್ನು ತುಂಬಾ ತಟ್ಟಿತು.