ಗೊಂಬೆಯ ಗುಂಗುರು ಕೂದಲು: ಸುರುಳಿ ನಿಲ್ಲುತ್ತಿಲ್ಲ, ತಪ್ಪು ಎಲ್ಲಿ?

ಗೊಂಬೆಮನೆ:
35 ಸೆಂ.ಮೀ. ಬಟ್ಟೆ ಗೊಂಬೆಗಳಿಗೆ ಗುಂಗುರು ಕೂದಲು ಬೇಕು. ‘ನೈಲಾನ್’ ಅಂತ ಮಾರುವ ನೇರ ಕೂದಲಿನ ಎರಡು ಕಟ್ಟು ಇವೆ. ಜ್ಯೂಸ್ ಸ್ಟ್ರಾಗೆ ಸುತ್ತಿ, ಕುದಿಯುವ ನೀರು ಹೊಯ್ದು, ಒಂದು ಗಂಟೆ ಬಿಟ್ಟು ಬಿಚ್ಚಿದರೆ ಮೊದಲ ದಿನ ಚೆಂದ. ನಾಲ್ಕನೇ ದಿನಕ್ಕೆ ಬರೀ ಅಲೆ. ಇನ್ನೊಂದು ಕಟ್ಟಂತೂ ಸುರುಳಿಯನ್ನೇ ಹಿಡಿಯಲಿಲ್ಲ. ಎಷ್ಟು ಶಾಖ, ಎಷ್ಟು ಹೊತ್ತು? ಅಕ್ರಿಲಿಕ್ ಉಣ್ಣೆ ದಾರದಲ್ಲೂ ಮಾಡಬಹುದೇ?

ನೂಲುಗಾರ:
ಶಾಖದ ಮಾತು ಆಮೇಲೆ, ಮೊದಲು ನಾರು ಯಾವುದು ನೋಡಿ. ಅಂಗಡಿಯಲ್ಲಿ ಹೊಳೆಯುವ ಎಳೆಗೆಲ್ಲ ನೈಲಾನ್ ಅಂತಲೇ ಹೆಸರು.

ಒಂದು ಲೋಟ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಎಳೆಗಳನ್ನು 1 ಸೆಂ.ಮೀ. ತುಂಡು ಮಾಡಿ ಅದರಲ್ಲಿ ಅದ್ದಿ, ಬೆರಳಲ್ಲಿ ಉಜ್ಜಿ ಗಾಳಿಗುಳ್ಳೆ ಬಿಡಿಸಿ. ಮೇಲೆ ತೇಲಿದರೆ ಪಾಲಿಪ್ರೊಪಿಲೀನ್ (ಸಾಂದ್ರತೆ 0.91, ನೀರಿನದು 1). ನೈಲಾನ್ 1.14, ಪಾಲಿಯೆಸ್ಟರ್ 1.38, ಸರಾನ್ (ಗೊಂಬೆ ಕೂದಲಿಗೆ ಬಳಸುವ ಇನ್ನೊಂದು ಪ್ಲಾಸ್ಟಿಕ್ ನಾರು) ಸುಮಾರು 1.7, ಇವೆಲ್ಲ ಮುಳುಗುತ್ತವೆ. ಮುಳುಗಿದ್ದನ್ನು ಒಣಗಿಸಿ ಅಸಿಟೋನ್‌ನಲ್ಲಿಡಿ (ಉಗುರುಬಣ್ಣ ತೆಗೆಯುವ ದ್ರಾವಕ). ಅಂಟಂಟಾಗಿ ಕರಗಿದರೆ ಕನೆಕಲಾನ್ ಥರದ ಮೋಡಾಕ್ರಿಲಿಕ್, ಅಂದರೆ ವಿಗ್‌ಗಳಿಗೆ ಬಳಸುವ ಅಕ್ರಿಲಿಕ್ ಬೆರಕೆ ನಾರು.

ಸುಟ್ಟು ನೋಡುವ ಪರೀಕ್ಷೆ ಮನೆಯೊಳಗೆ ಬೇಡವೇ ಬೇಡ. ಸರಾನ್ ಮತ್ತು ಮೋಡಾಕ್ರಿಲಿಕ್ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಬರುತ್ತದೆ, ಅಕ್ರಿಲಿಕ್ ಹೊಗೆಯಲ್ಲಿ ಸಯನೈಡ್ ಇರುತ್ತದೆ.

ಸುರುಳಿ ಹಿಡಿಯದ ನಿಮ್ಮ ಕಟ್ಟು ತೇಲುತ್ತದೆ ಅಂತ ನನ್ನ ಊಹೆ. ಪಾಲಿಪ್ರೊಪಿಲೀನ್ ಒಳಗಿನ ಹರಳುಗಟ್ಟದ ಭಾಗ ಕೋಣೆಯ ತಾಪದಲ್ಲೂ ಸಡಿಲವಾಗಿಯೇ ಇರುತ್ತದೆ. ಬಿಸಿನೀರಲ್ಲಿ ಬಾಗಿಸಿದ್ದು ನಿಧಾನಕ್ಕೆ ಜಾರಿ ಮತ್ತೆ ನೇರವಾಗುತ್ತದೆ. ಅದರಲ್ಲಿ ಜಡೆ ಹಾಕಿ, ಗುಂಗುರು ಬಿಡಿ.

ಸುರುಳಿಕಡ್ಡಿ:
ನೈಲಾನ್ ಅಥವಾ ಪಾಲಿಯೆಸ್ಟರ್ ಅಂತ ಖಾತ್ರಿಯಾದರೆ ಕುಕ್ಕರ್ ಹಿಡಿಯಿರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಸ್ಟ್ರಾ ಮೇಲೆ ಹೊಯ್ಯುವಷ್ಟರಲ್ಲಿ 85ಕ್ಕೆ ಇಳಿದಿರುತ್ತದೆ. ವೆಯ್ಟ್ ಹಾಕಿದ ಕುಕ್ಕರ್ ಒಳಗೆ 118–120 ಡಿಗ್ರಿ ಹಬೆ ಇರುತ್ತದೆ. ಗಿರಣಿಗಳು ನೈಲಾನ್ ನೂಲಿನ ತಿರುವು ಕೂರಿಸುವುದೂ ಇಂಥ ಒತ್ತಡದ ಹಬೆಯಲ್ಲೇ.

4 ಮಿ.ಮೀ. ಸ್ಟೀಲ್ ಹೆಣಿಗೆ ಕಡ್ಡಿ ತಗೊಳ್ಳಿ. ಪ್ಲಾಸ್ಟಿಕ್ ಸ್ಟ್ರಾ ಬಿಸಿಗೆ ಮೆತ್ತಗಾಗಿ, ಸುತ್ತಿದ ಎಳೆಯ ಬಿಗಿತಕ್ಕೇ ಚಪ್ಪಟೆಯಾಗುತ್ತದೆ. ಸುರುಳಿಯಲ್ಲಿ ಮೂಲೆ ಮೂಡುವುದು ಅದಕ್ಕೇ. ಒಂದು ಕಡ್ಡಿಗೆ ಅರ್ಧ ಗ್ರಾಂಗಿಂತ ಹೆಚ್ಚು ಕೂದಲು ಬೇಡ. ಅರ್ಧ ಗಂಟೆ ನೀರಲ್ಲಿ ನೆನೆಸಿ, ಓರೆಯಾಗಿ, ಒಂದೇ ಪದರವಾಗಿ ಸುತ್ತಿ. ಸುತ್ತಿನ ಮೇಲೆ ಸುತ್ತು ಬಿದ್ದರೆ ಒಳಗಿನದು ಬಿಗಿ, ಹೊರಗಿನದು ಸಡಿಲ. ನೈಲಾನ್ ಬಿಸಿಗೆ ಕುಗ್ಗುತ್ತದೆ, ಹಾಗಾಗಿ ಜಗ್ಗಿ ಸುತ್ತಬೇಡಿ. ತುದಿಗೆ ಹತ್ತಿ ದಾರ ಕಟ್ಟಿ. ರಬ್ಬರ್ ಬ್ಯಾಂಡ್ ಗೆರೆ ಬಿಡುತ್ತದೆ.

ಲೆಕ್ಕ ಹೀಗೆ: 4 ಮಿ.ಮೀ. ಕಡ್ಡಿಗೆ ಸುತ್ತಿನಿಂದ ಸುತ್ತಿಗೆ 6 ಮಿ.ಮೀ. ಅಂತರ ಬಿಟ್ಟರೆ 20 ಸೆಂ.ಮೀ. ಎಳೆ ಸುಮಾರು ಎಂಟೂವರೆ ಸೆಂ.ಮೀ. ಉದ್ದದ ಸುರುಳಿಯಾಗುತ್ತದೆ. ಬುಡಕ್ಕೆ 2 ಸೆಂ.ಮೀ. ಸೇರಿಸಿ ಕತ್ತರಿಸಿ.

ಕಡ್ಡಿಗಳನ್ನು ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ಕಟ್ಟಿ, ಇಲ್ಲದಿದ್ದರೆ ಬಿಡಿ ಎಳೆ ಹಬೆಯ ಕೊಳವೆಗೆ ಸಿಕ್ಕಿಕೊಳ್ಳಬಹುದು. ಎರಡು ಲೋಟ ನೀರು, ಅದರ ಮೇಲೆ ತೂತಿನ ತಟ್ಟೆ, ಅದರ ಮೇಲೆ ಗಂಟು. ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ. ಕುಕ್ಕರ್ ತಾನಾಗಿ ಆರಲಿ. ಬಣ್ಣ ಬಿಡುವ ನಾರುಗಳಿವೆ, ಅಡುಗೆಯ ಕುಕ್ಕರ್ ಬಳಸಬೇಡಿ.

ಈಗ ನಿಮ್ಮ ನಿಜವಾದ ತಪ್ಪಿಗೆ ಬರೋಣ: ಒಂದು ಗಂಟೆಗೇ ಬಿಚ್ಚಿದ್ದು. ನೈಲಾನ್‌ನ ಅಣು ಸರಪಳಿಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧಗಳನ್ನು ನೀರು ಸಡಿಲಿಸುತ್ತದೆ. ಒದ್ದೆ ಇರುವಾಗಲೇ ಕಡ್ಡಿ ತೆಗೆದರೆ ಆ ಬಂಧಗಳು ಹೊಸ ಆಕಾರದಲ್ಲಿ ಕೂರುವುದೇ ಇಲ್ಲ. 24 ಗಂಟೆ ನೆರಳಲ್ಲಿ ಒಣಗಿಸಿ, ಆಮೇಲೆ ಕಡ್ಡಿಯನ್ನು ತಿರುಗಿಸುತ್ತ ಹೊರತೆಗೆಯಿರಿ, ಎಳೆಯಬೇಡಿ.

ಸರಾನ್, ಕನೆಕಲಾನ್ ಆದರೆ ಕುಕ್ಕರ್ ಬೇಡ, ಕುಗ್ಗಿ ಒರಟಾಗುತ್ತವೆ. ಅವಕ್ಕೆ ಬಿಸಿನೀರೇ ಸಾಕು.

ಉಣ್ಣೆಬುಟ್ಟಿ:
ಅಕ್ರಿಲಿಕ್ ದಾರ ಧಾರಾಳವಾಗಿ ಆಗುತ್ತದೆ. ಲೇಬಲ್ ಮೇಲೆ 100% ಅಕ್ರಿಲಿಕ್ ಅಂತಿರಬೇಕು. ದಾರವನ್ನು ಬಿಡಿಸದೆ ಹಾಗೇ ಕಡ್ಡಿಗೆ ಸುತ್ತಿ, ನೆನೆಸಿ, ಓವನ್‌ನಲ್ಲಿ 100–110 ಡಿಗ್ರಿಗೆ 25 ನಿಮಿಷ. ಪೂರ್ತಿ ಆರಿದ ಮೇಲೆ ತಿರುವು ಬಿಚ್ಚಿದರೆ ನಾಲ್ಕೆಳೆ ದಾರದಿಂದ ನಾಲ್ಕು ಗುಂಗುರು ಎಳೆ ಸಿಗುತ್ತವೆ. ಬಿಸಿ ಇರುವಾಗ ಮುಟ್ಟಬೇಡಿ: ಒದ್ದೆ ಅಕ್ರಿಲಿಕ್ ಬಿಸಿಯಲ್ಲಿ ಸ್ವಲ್ಪ ಎಳೆದರೂ ಉದ್ದವಾಗಿ ಜೀವ ಕಳೆದುಕೊಂಡು ಜೋತು ಬೀಳುತ್ತದೆ. ಇಸ್ತ್ರಿಪೆಟ್ಟಿಗೆಯೂ ಅದನ್ನೇ ಮಾಡುತ್ತದೆ.

ನೂಲುಗಾರ:
ಕಡ್ಡಿ ಸುತ್ತುವ ತಾಳ್ಮೆ ಇಲ್ಲದವರಿಗೆ ಗಿರಣಿಯ ಒಂದು ಉಪಾಯ: ಮೊದಲು ಹೆಣೆಯುವುದು, ಹಬೆ ಕೊಡುವುದು, ಆಮೇಲೆ ಬಿಚ್ಚುವುದು. ನೈಲಾನ್ ಎಳೆಯನ್ನು ಸಾದಾ ಪಟ್ಟಿಯಾಗಿ ಹೆಣೆದು, ಪಟ್ಟಿಯನ್ನೇ ಕುಕ್ಕರ್‌ಗೆ ಹಾಕಿ, ಒಣಗಿಸಿ ಬಿಚ್ಚಿದರೆ ಕುಣಿಕೆ ಕುಣಿಕೆಯಾದ ಸಣ್ಣ ಗುಂಗುರು. ಉಂಗುರದಂಥ ಸುರುಳಿ ಇದರಲ್ಲಿ ಬರುವುದಿಲ್ಲ, ಆದರೆ ತಲೆ ತುಂಬಿ ಕಾಣುತ್ತದೆ. ಉದ್ದನೆಯ ಅಖಂಡ ಎಳೆ ಬೇಕು, ಕತ್ತರಿಸಿದ ಕಟ್ಟಿಗೆ ಆಗದು.

ರೀಲ್ ಕೊಳ್ಳುವುದಾದರೆ 50 ಡೆನಿಯರ್ (9,000 ಮೀಟರ್ ಎಳೆ 50 ಗ್ರಾಂ ತೂಗುವಂಥದ್ದು) ಕೇಳಿ. ನೈಲಾನ್‌ನಲ್ಲಿ ಅದು ಸುಮಾರು 79 ಮೈಕ್ರಾನ್ ದಪ್ಪ, ಮನುಷ್ಯರ ಕೂದಲಿನಷ್ಟೇ. ಮೀನು ಹಿಡಿಯುವ ದಾರ ಬೇಡ: 0.20 ಮಿ.ಮೀ. ಅಂದರೆ 200 ಮೈಕ್ರಾನ್, ಗೊಂಬೆ ತಲೆಯ ಮೇಲೆ ಪೊರಕೆ ಕಡ್ಡಿಯ ಹಾಗೆ ನಿಲ್ಲುತ್ತದೆ.

ಗೊಂಬೆಮನೆ:
ಒಂದು ಕಟ್ಟು ತೇಲಿತು. ಇನ್ನೊಂದು ಮುಳುಗಿತು, ಅಸಿಟೋನ್‌ಗೂ ಜಗ್ಗಲಿಲ್ಲ. ಅದನ್ನು ಕುಕ್ಕರ್‌ಗೆ ಹಾಕುತ್ತೇನೆ. ಸುರುಳಿ ಆದ ಮೇಲೆ ಬಾಚಬಹುದೇ?

ಸುರುಳಿಕಡ್ಡಿ:
ಅಸಿಟೋನ್‌ಗೆ ಜಗ್ಗದ್ದು ನೈಲಾನ್, ಪಾಲಿಯೆಸ್ಟರ್, ಸರಾನ್ ಯಾವುದೂ ಆಗಬಹುದು. ಹತ್ತೇ ಎಳೆಯ ಒಂದು ಕಡ್ಡಿ ಮೊದಲು ಹಾಕಿ ನೋಡಿ, ಕುಗ್ಗಿ ಒರಟಾದರೆ ಸರಾನ್. ಬಾಚಣಿಗೆ ಬೇಡ, ಬೆರಳಲ್ಲೇ ಬಿಡಿಸಿ. ಬುಡವನ್ನು ಹತ್ತಿ ಪಟ್ಟಿಗೆ ಹೊಲಿದು ತಲೆಗೆ ಸುತ್ತು ಸುತ್ತಾಗಿ ಕೂರಿಸಿ. ಬಿಸಿ ಅಂಟಿನ ಗನ್ ಸುರುಳಿಯ ಹತ್ತಿರ ಬಂದರೆ ಅಷ್ಟು ಜಾಗ ನೇರವಾಗಿಬಿಡುತ್ತದೆ. ತೊಳೆಯುವುದು ತಣ್ಣೀರಲ್ಲಿ ಮಾತ್ರ.