ಪದಚರ್ಚೆ: ತೋಟದ ನಲ್ಲಿಯ ಮೇಲೆ ಏನು ಬರೆಯಬೇಕು?

ಬೆಂಗಳೂರಿನಿಂದ, ಗುರುವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಶನಿವಾರದೊಳಗೆ ಬೇಕು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕ, ಇದೆ. ಅದರಿಂದ ಬರುವ ನೀರು ಬೇರೆ ಪೈಪಿನಲ್ಲಿ ಫ್ಲಶ್ಶಿಗೂ ತೋಟಕ್ಕೂ ಹೋಗುತ್ತದೆ. ತೋಟದ ಹನ್ನೊಂದು ನಲ್ಲಿಗಳ ಮೇಲೆ 'ಶುದ್ಧೀಕರಿಸಿದ ನೀರು' ಎಂದು ಬೋರ್ಡ್ ಹಾಕಿದ್ದೆವು. ಕಳೆದ ವಾರ ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಹುಡುಗನೊಬ್ಬ ಅದನ್ನು ಓದಿ, ಬಾಟಲಿ ತುಂಬಿಸಿಕೊಂಡು ಕುಡಿದುಬಿಟ್ಟ. ಎರಡು ದಿನ ವಾಂತಿ, ಭೇದಿ. ಕೇಳಿದರೆ, "ಶುದ್ಧ ಅಂತ ಬರೆದಿತ್ತಲ್ರೀ" ಅಂದ. ಅವನ ತಪ್ಪೇನಿದೆ? ನಮ್ಮ ಊರೂರಲ್ಲೂ 'ಶುದ್ಧ ಕುಡಿಯುವ ನೀರಿನ ಘಟಕ' ಇದೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಾರೆ. ಅವನ ಪಾಲಿಗೆ ಶುದ್ಧ ಎಂದರೆ ಕುಡಿಯಬಹುದಾದದ್ದು.

ಬೋರ್ಡಿನ ಮಾತು ಬರೆದುಕೊಟ್ಟವನು ನಾನು. ಆ ಹುಡುಗನ ಮುಖ ಇನ್ನೂ ಕಣ್ಣ ಮುಂದಿದೆ. ಈಗ ಕಮಿಟಿಯವರು 'ಸಂಸ್ಕರಿತ ಜಲ' ಎಂದು ಬದಲಿಸೋಣ ಎನ್ನುತ್ತಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ. ಬೋರ್ಡ್ ಬರೆಯುವವರು ಶನಿವಾರ ಬರುತ್ತಾರೆ.

ಮೈಸೂರಿನಿಂದ

'ಸಂಸ್ಕರಿತ' ಖಂಡಿತ ಬೇಡ. ಅದು ಸಂಸ್ಕೃತವೂ ಅಲ್ಲ, ಕನ್ನಡವೂ ಅಲ್ಲ. ಸಂಸ್ಕೃತದಲ್ಲಿ ಆ ಕೃದಂತ 'ಸಂಸ್ಕೃತ' ಎಂದೇ ಆಗಬೇಕು. ಕನ್ನಡದಲ್ಲಿ 'ಸಂಸ್ಕರಿಸಿದ'. ಇನ್ನು 'ತ್ಯಾಜ್ಯನೀರು', 'ಪುನರ್ಬಳಕೆ' ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಎರಡೂ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದ ದೋಷ. 'ಸಂಸ್ಕರಿಸಿದ ನೀರು' ಗಮಕ ಸಮಾಸ, ಅದರಲ್ಲಿ ಆ ದೋಷವಿಲ್ಲ. ಅದನ್ನೇ ಬರೆಯಿಸಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಶಿವಮೊಗ್ಗದಿಂದ

ಚರ್ಚೆಗೆ ಬೇಕಾದಷ್ಟಿದೆ ಮೇಷ್ಟ್ರೇ. ನೀರಿಗೆ ಸಂಸ್ಕಾರ ಯಾಕೆ? ನಮ್ಮಲ್ಲೇ ಜೋಡಿ ಪದ ಇದೆ. ಒಳಗೆ ಹೋಗುವುದು ಕೊಳೆನೀರು, ಹೊರಗೆ ಬರುವುದು ತಿಳಿನೀರು. ಬಗ್ಗಡ ತಳಕ್ಕಿಳಿದು ಮೇಲೆ ನಿಲ್ಲುವುದೇ ತಿಳಿ. ತಿಳಿಗೊಳ, ತಿಳಿಸಾರು, ತಿಳಿಮಜ್ಜಿಗೆ, ಎಲ್ಲದರಲ್ಲೂ ಅದೇ. ಮನಸ್ಸಿನ ಬಗ್ಗಡ ಇಳಿದರೆ ಅದೂ 'ತಿಳಿಯುವುದು'. ಇಷ್ಟು ಒಳ್ಳೆಯ ಬೇರು ಕೈಯಲ್ಲಿರುವಾಗ ಸಾಲ ಯಾಕೆ ತರಬೇಕು? 'ತಿಳಿನೀರು' ಎಂದು ಬರೆಯಿಸಿ, ನಾಲ್ಕು ದಿನದಲ್ಲಿ ಬಾಯಿಗೆ ಬರುತ್ತದೆ.

ಬೆಂಗಳೂರಿನಿಂದ, ಇನ್ನೊಬ್ಬರು

ನಾನು ಎಸ್‌ಟಿಪಿ ನಡೆಸುವ ಕೆಲಸದಲ್ಲಿದ್ದೇನೆ. ಅಕ್ಕಾ, ದಯವಿಟ್ಟು 'ತಿಳಿನೀರು' ಬೇಡ. ಅದು 'ಶುದ್ಧ'ಕ್ಕಿಂತ ಅಪಾಯ. ನೋಡಲು ತಿಳಿಯಾಗಿಯೇ ಇರುತ್ತದೆ, ಅದೇ ತೊಂದರೆ. ತಿಳಿಯಾದ ನೀರಿನಲ್ಲೂ ಹೊಟ್ಟೆ ಕೆಡಿಸುವ ಕ್ರಿಮಿ ಉಳಿದಿರಬಹುದು.

ಅಲ್ಲಿ ನಡೆಯುವುದು ಬರೀ ತಿಳಿಯಾಗುವುದಲ್ಲ. ಕಸ, ಮರಳು ತೆಗೆದ ಮೇಲೆ ತೊಟ್ಟಿಗೆ ಗಾಳಿ ಊದುತ್ತೇವೆ. ಬ್ಯಾಕ್ಟೀರಿಯಾ ಕೊಳೆಯನ್ನು ತಿಂದು ಬೆಳೆಯುತ್ತವೆ. ಮುಂದಿನ ತೊಟ್ಟಿಯಲ್ಲಿ ಅವು ಕೆಸರಾಗಿ ತಳಕ್ಕೆ ಕೂರುತ್ತವೆ. ಆ ಕೆಸರಲ್ಲಿ ಒಂದಷ್ಟನ್ನು ತಿರುಗಿ ಗಾಳಿ ತೊಟ್ಟಿಗೆ ಬಿಡುತ್ತೇವೆ. ಹೊಸದಾಗಿ ಬಂದ ಆಪರೇಟರಿಗೆ ನಾನು ಇದನ್ನು 'ಹೆಪ್ಪು' ಎಂದೇ ಹೇಳಿಕೊಡುವುದು. ನಿನ್ನೆಯ ಮೊಸರನ್ನು ಇವತ್ತಿನ ಹಾಲಿಗೆ ಹಾಕುವ ಹಾಗೆ. ಬೇಗ ಅರ್ಥವಾಗುತ್ತದೆ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ರಸಾಯನತಜ್ಞರು ಕಂಡುಕೊಂಡದ್ದು ಇದನ್ನೇ. ಕೆಸರನ್ನು ಚೆಲ್ಲದೆ ಉಳಿಸಿಕೊಂಡಾಗ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದು ದಿನದೊಳಗೆ ಮುಗಿಯಿತು. ಅವರಿಗೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೇ ಪ್ರಾಧ್ಯಾಪಕರಾಗಿ ಬಂದರು. ಆದರೂ ನಮ್ಮ ಕನ್ನಡ ಕೈಪಿಡಿಗಳಲ್ಲಿ ಈ ಕೆಸರಿಗೆ ಇವತ್ತಿಗೂ 'ಸಕ್ರಿಯ ಕೆಸರು' ಎಂಬ ಪದ. ಓದಿದ ಆಪರೇಟರಿಗೆ ಏನೂ ಹೊಳೆಯುವುದಿಲ್ಲ.

ಶಿವಮೊಗ್ಗದಿಂದ

ಹೆಪ್ಪು! ನೋಡಿ, ನಾನು ಹೇಳಿದ್ದು ಇದನ್ನೇ. ನಮ್ಮ ಅಡುಗೆಮನೆ, ಬಚ್ಚಲಲ್ಲೇ ಪದಗಳಿವೆ. ಪಂಚಾಯಿತಿಯವರು 'ಬೂದು ನೀರು ನಿರ್ವಹಣೆ' ಎನ್ನುತ್ತಾರಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಬೂದಿ ಕಲಸಿದ ನೀರೇ? ಅದು ಬಚ್ಚಲ ನೀರು! ನಮ್ಮ ಅಜ್ಜಿ ಬಚ್ಚಲ ನೀರನ್ನು ಬಾಳೆಗೆ, ಕೆಸುವಿಗೆ ಬಿಡುತ್ತಿದ್ದರು. ಕಲಗಚ್ಚು ದನಕ್ಕೆ ಹೋಗುತ್ತಿತ್ತು. ಯಾವ ನೀರು ಯಾವುದಕ್ಕೆ ಎಂದು ಹೆಸರಲ್ಲೇ ಗೊತ್ತಾಗುತ್ತಿತ್ತು. 'ಮೋರಿ', 'ಕಕ್ಕಸು' ಥರದ ಅಚ್ಚಗನ್ನಡ ಮಾತುಗಳನ್ನು ಬಿಟ್ಟು 'ತ್ಯಾಜ್ಯ', 'ಶೌಚ' ಎಂದು ಹೋದದ್ದೇ ತಪ್ಪು.

ಧಾರವಾಡದಿಂದ

'ಬಚ್ಚಲ ನೀರು' ಒಪ್ಪಿದೆ. ಉಳಿದದ್ದು ತಪ್ಪು. 'ಮೋರಿ' ಮರಾಠಿ, ಹಿಂದಿಯಲ್ಲೂ ಇದೆ, ಅತ್ತ ಕಡೆಯಿಂದ ಬಂದದ್ದು. ನಾವು ಇಲ್ಲಿ 'ಗಟಾರ' ಅಂತೀವಿ, ಅದೂ ಅಚ್ಚಗನ್ನಡವಲ್ಲ. 'ಕಕ್ಕಸು' ಡಚ್ಚರ ಮಾತು. ತಮಿಳು, ಮಲಯಾಳಕ್ಕೂ ಅಲ್ಲಿಂದಲೇ ಬಂದದ್ದು.

ಶಿವಮೊಗ್ಗದಿಂದ

ಮಕ್ಕಳ ಮಾತಿನ 'ಕಕ್ಕ' ಡಚ್ಚರು ಕಲಿಸಿದ್ದೇ?

ಧಾರವಾಡದಿಂದ

ಹಾಗಾದರೆ ಕೊನೆಯ 'ಸು' ಎಲ್ಲಿಂದ ಬಂತು, ಹೇಳಿ. ಬೇರು ಹುಡುಕುವುದು ಬೇರೆ, ಬೇಕಾದ ಬೇರನ್ನು ನೆಡುವುದು ಬೇರೆ. ಬಂದ ಪದ ನಮ್ಮ ಬಾಯಲ್ಲಿ ಬಾಳಿದರೆ ಅದು ನಮ್ಮದು. 'ಎಸ್‌ಟಿಪಿ' ಎಂದೇ ಬರೆಯಿಸಿ, ಎಲ್ಲರಿಗೂ ಗೊತ್ತು.

ಕೋಲಾರದಿಂದ

ಎಲ್ಲರಿಗೂ ಗೊತ್ತಿಲ್ಲ ಸರ್. ಕುಡಿದ ಹುಡುಗನಿಗೆ ಗೊತ್ತಿರಲಿಲ್ಲ, ಅದಕ್ಕೇ ಅಲ್ವಾ ಈ ಮಾತೆಲ್ಲ ಶುರುವಾಗಿದ್ದು?

ಈ ನೀರಿನ ಹೆಸರಿನ ಜಗಳ ನಮ್ಮ ಜಿಲ್ಲೆಗೆ ಹೊಸದಲ್ಲ. ನಮಗೆ ಸದಾ ಹರಿಯುವ ನದಿಯಿಲ್ಲ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಗೆ ಹರಿದು ಬರುವ ಊರಿನ ಕೊಳೆನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಪಂಪ್ ಮಾಡುತ್ತಾರೆ. ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ಮುಂದಿನ ತಿಂಗಳೇ ನೊರೆ ಎದ್ದು, ವಿಷಯ ಹೈಕೋರ್ಟಿಗೆ ಹೋಯಿತು. ಯೋಜನೆ ಬೇಕು ಎನ್ನುವವರು 'ಸಂಸ್ಕರಿಸಿದ ನೀರು' ಎಂದರು, ಬೇಡ ಎನ್ನುವವರು 'ಕೊಳಚೆ ನೀರು' ಎಂದರು. ನೀರು ಒಂದೇ. ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಕೂಗು ಇನ್ನೂ ನಿಂತಿಲ್ಲ. ನಾನೂ ಅದನ್ನು ಕೇಳುವವಳೇ. ಬೋರುಗಳಲ್ಲಿ ನೀರು ಮೇಲೆ ಬಂದದ್ದನ್ನು ಕಂಡವಳೂ ಹೌದು.

ಜನ ಏನು ಕರೆಯುತ್ತಾರೆ ಗೊತ್ತಾ? 'ಕೆ.ಸಿ. ವ್ಯಾಲಿ ನೀರು'. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಯ ನೀರು ಹೋಗುವ ಚಿಕ್ಕಬಳ್ಳಾಪುರದಲ್ಲಿ 'ಎಚ್.ಎನ್. ವ್ಯಾಲಿ ನೀರು'. ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ಎಲ್ಲಿಂದ ಬಂತು ಅಂತ ಮಾತ್ರ ಹೇಳುತ್ತದೆ.

ಸಿಂಗಪುರದಿಂದ

ಇಲ್ಲಿನ ನೀರಿನ ಮಂಡಳಿ 'ತ್ಯಾಜ್ಯ' ಎಂಬ ಅರ್ಥದ ಪದವನ್ನೇ ಕೈಬಿಟ್ಟಿದೆ. 'ಬಳಸಿದ ನೀರು' ಎನ್ನುತ್ತಾರೆ. ಅದನ್ನು ಸೂಕ್ಷ್ಮ ಪೊರೆಗಳಲ್ಲಿ ಸೋಸಿ, ನೇರಳಾತೀತ ಬೆಳಕು ಹಾಯಿಸಿ, 2003ರಿಂದ 'ನ್ಯೂವಾಟರ್' ಎಂಬ ಹೆಸರಲ್ಲಿ ಕೊಡುತ್ತಿದ್ದಾರೆ. ಜನರ ಹೇಸಿಗೆ ಕಡಿಮೆಯಾಗಲಿ ಎಂದೇ ಹೆಸರು ಬದಲಿಸಿದ್ದು. ನೀವೂ 'ಬಳಕೆ ನೀರು' ಎನ್ನಬಹುದಲ್ಲ?

ಕೋಲಾರದಿಂದ

ಅದಾಗಲ್ಲ. ನಮ್ಮ ಮನೆಗಳಲ್ಲಿ 'ಕುಡಿಯೋ ನೀರು' ಬೇರೆ, 'ಬಳಕೆ ನೀರು' ಬೇರೆ. ಬಳಕೆ ನೀರು ಅಂದರೆ ಪಾತ್ರೆ, ಬಟ್ಟೆ, ಸ್ನಾನಕ್ಕೆ ಬಳಸೋ ಬೋರಿನ ನೀರು. ಬೋರ್ಡ್ ನೋಡಿ ಯಾರಾದರೂ ಮುಖ ತೊಳೆದು ಬಾಯಿ ಮುಕ್ಕಳಿಸುತ್ತಾರೆ. 'ಮರುಬಳಕೆ ನೀರು' ಅನ್ನಿ. 'ಮರು' ಸೇರಿದರೆ ಒಮ್ಮೆ ಬಳಸಿ ಆಗಿದೆ ಅಂತ ತಿಳಿಯುತ್ತದೆ.

ಮೈಸೂರಿನಿಂದ

'ಮರುಬಳಕೆ' ಸರಿ. ಮರು, ಬಳಕೆ, ನೀರು ಮೂರೂ ಕನ್ನಡ. ಆದರೆ 'ಸಂಸ್ಕರಿಸಿದ' ಶಾಸ್ತ್ರಕ್ಕೆ ಹತ್ತಿರ ಎಂಬುದನ್ನು ನಾನು ಬಿಡುವುದಿಲ್ಲ. ಸರ್ಕಾರಿ ಕಾಗದಗಳಲ್ಲೂ ಅದೇ ಇದೆ.

ಬೆಂಗಳೂರಿನಿಂದ, ಇನ್ನೊಬ್ಬರು

ಕಾಗದಕ್ಕೆ ಅದು ಇರಲಿ ಸರ್. ನಲ್ಲಿಯ ಮುಂದೆ ನಿಂತವನಿಗೆ ಬಾಯಾರಿಕೆ ಆಗಿರುತ್ತದೆ. ಹೆಸರಿಗಿಂತ ಮೊದಲು 'ಕುಡಿಯಬೇಡಿ' ಎಂಬ ಮಾತು ಕಣ್ಣಿಗೆ ಬೀಳಬೇಕು. ಈ ನೀರು ಇನ್ನು ಮುಂದೆ ಜಾಸ್ತಿ ಕಡೆ ಸಿಗುತ್ತದೆ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು. ಕಟ್ಟಡ ಕೆಲಸಕ್ಕೂ ಈ ನೀರನ್ನೇ ಬಳಸಿ ಎಂದಿತು. ಊರು ಬೆಳೆಯುತ್ತಲೇ ಇದೆ, ಕಾವೇರಿ ಇರುವುದು ನೂರು ಕಿಲೋಮೀಟರ್ ದೂರದಲ್ಲಿ. ನಲ್ಲಿಗಳು ಹೆಚ್ಚುತ್ತವೆ, ಬೋರ್ಡುಗಳೂ ಹೆಚ್ಚುತ್ತವೆ. ಈಗಲೇ ಸರಿಯಾಗಿ ಬರೆಯಿರಿ.

ಬೆಂಗಳೂರಿನಿಂದ, ಶುಕ್ರವಾರ ರಾತ್ರಿ

ಎಲ್ಲರಿಗೂ ತುಂಬಾ ಉಪಕಾರವಾಯಿತು. ಕಮಿಟಿ ಒಪ್ಪಿದೆ. ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ 'ಕುಡಿಯಬೇಡಿ'. ಕೆಳಗೆ 'ಇದು ಮರುಬಳಕೆ ನೀರು. ಗಿಡಗಳಿಗೆ ಮಾತ್ರ.' ಓದಲು ಬಾರದವರಿಗೆ ಲೋಟದ ಮೇಲೆ ಅಡ್ಡಗೆರೆ ಎಳೆದ ಚಿತ್ರ. ಪಕ್ಕದಲ್ಲೇ ಕುಡಿಯುವ ನೀರಿನ ನಲ್ಲಿ ಒಂದನ್ನು ಹಾಕಿಸಲು ಹೇಳಿದ್ದೇನೆ. ಅದು ಇದ್ದಿದ್ದರೆ ಆ ಹುಡುಗ ಈ ನಲ್ಲಿಗೆ ಬರುತ್ತಲೇ ಇರಲಿಲ್ಲ.

ಶಿವಮೊಗ್ಗದಿಂದ

'ಮಾತ್ರ' ಯಾಕೆ? 'ಗಿಡಗಳಿಗಷ್ಟೆ' ಎನ್ನಿ.

ಮೈಸೂರಿನಿಂದ

'ಮಾತ್ರ' ಇರಲಿ.