ಅಳಿಯಾ, ಮೊದಲು ಕರೆಂಟ್ ಹೋಗೋದನ್ನ ಯೋಚ್ನೆ ಮಾಡು

ಅಳಿಯಾ, ನಿನ್ನ ಮೆಸೇಜ್ ಈಗ ಕೇಳ್ದೆ. ನಾಲ್ಕಡಿ ಟ್ಯಾಂಕು, ವರ್ಷಗಳಿಂದ ಚೆನ್ನಾಗಿ ನಡೀತಿದೆ, ಏಂಜಲ್ ಮೀನು ದೊಡ್ಡವಾಗಿವೆ, ಈಗ ಕೆಳಗೆ ಸಂಪ್ ಇಡ್ಬೇಕು ಅಂತಿದ್ದೀಯ. ಅಂಗಡಿಯವರು ಗಾಜು ಕೊರೆಯೋದು ಬೇಡ, ಹಿಂದೆ ನೇತಾಕೋ ಓವರ್‌ಫ್ಲೋ ಬಾಕ್ಸ್ ತಗೊಳ್ಳಿ ಅಂದ್ರಂತೆ. ಟೈಪ್ ಮಾಡಿದ್ರೆ ಅರ್ಧ ಬಿಟ್ಟೋಗುತ್ತೆ, ಅದಕ್ಕೆ ಮಾತಲ್ಲೇ ಹೇಳ್ತೀನಿ. ಅಕ್ಕ, ನೀನೂ ಕೇಳಿಸ್ಕೋ. ಸಂಪ್ ಅಂದ್ರೆ ಮನೆ ಮುಂದಿನ ನೀರಿನ ಸಂಪ್ ಅಲ್ಲ, ಟ್ಯಾಂಕ್ ಸ್ಟ್ಯಾಂಡ್ ಒಳಗೆ ಇಡೋ ಇನ್ನೊಂದು ಗಾಜಿನ ತೊಟ್ಟಿ, ಫಿಲ್ಟರ್ ಎಲ್ಲಾ ಅದರಲ್ಲೇ ಕೂರುತ್ತೆ. ಮೇಲಿನ ಟ್ಯಾಂಕಿನ ನೀರನ್ನ ಅದಕ್ಕೆ ಇಳಿಸೋದು ಓವರ್‌ಫ್ಲೋ, ಅಲ್ಲಿಂದ ವಾಪಸ್ ಮೇಲಕ್ಕೆ ತಳ್ಳೋದು ಪಂಪ್.

ನನ್ನ ಮಾತು ಒಂದೇ. ಯಾವ ಓವರ್‌ಫ್ಲೋ ಆದ್ರೂ ಕರೆಂಟ್ ಇರೋವಾಗ ಚೆನ್ನಾಗೇ ಓಡುತ್ತೆ. ಚಿಕ್ಕಬಳ್ಳಾಪುರದಲ್ಲಿ ನಿಮ್ಗಾಗ್ಲಿ, ತುಮಕೂರಲ್ಲಿ ನಮಗಾಗ್ಲಿ, ಕರೆಂಟ್ ಹೋಗದ ದಿನ ಯಾವುದಿದೆ ಹೇಳು? ಹೋದಾಗ ನೀರು ಎಲ್ಲಿ ನಿಲ್ಲುತ್ತೆ, ಬಂದಾಗ ತಾನಾಗೇ ಶುರುವಾಗುತ್ತಾ, ಮನೇಲಿ ಯಾರೂ ಇಲ್ದಾಗ್ಲೂ ಹಂಗೇ ಆಗುತ್ತಾ, ಇದನ್ನ ನೋಡಿ ಆರಿಸ್ಬೇಕು.

ನೇತಾಕೋ ಬಾಕ್ಸ್‌ನಲ್ಲಿ ಯು ಆಕಾರದ ಟ್ಯೂಬು ಗಾಜಿನ ಮೇಲಿಂದ ನೀರನ್ನ ಎಳ್ಕೊಂಡು ಆಚೆ ಬಿಡುತ್ತೆ. ಅದು ನಿಂತಿರೋದು ಸೈಫನ್ ಮೇಲೆ, ಅಂದ್ರೆ ಟ್ಯೂಬ್ ತುಂಬಾ ನೀರಿದ್ದಾಗ ಮಾತ್ರ ಇರೋ ಎಳೆತದ ಮೇಲೆ. ಟ್ಯೂಬಿನ ನೆತ್ತೀಲಿ ಗುಳ್ಳೆ ಸೇರ್ತಾ ಸೇರ್ತಾ ಒಂದಿನ ಸೈಫನ್ ಕಡಿದುಹೋಗುತ್ತೆ. ನೀರಿನ ಓಟ ನಿಧಾನ ಇದ್ದಷ್ಟೂ ಗುಳ್ಳೆ ಜಾಸ್ತಿ ಕೂರುತ್ತೆ, ಅದಕ್ಕೇ ಓಟ ನಿಧಾನ ಆಗೋ ದೊಡ್ಡ ಟ್ಯೂಬ್ ಹಾಕಿದ್ರೆ ಸೇಫ್ ಅನ್ನೋದು ತಪ್ಪು. ಕಡಿದಾಗ ಕೆಳಗಿನ ಪಂಪ್‌ಗೆ ಅದು ಗೊತ್ತಾಗಲ್ಲ. ಅದು ಮೇಲಕ್ಕೆ ತಳ್ತಾನೇ ಇರುತ್ತೆ, ಟ್ಯಾಂಕ್ ತುಂಬಿ ಹಾಲ್‌ಗೆ ಬರುತ್ತೆ. ಒಳ್ಳೆ ಬಾಕ್ಸ್‌ನಲ್ಲಿ ಕರೆಂಟ್ ಹೋದ್ರೂ ಸೈಫನ್ ಹಿಡಿದಿರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಪ್ರತಿ ಸಲವೂ ಹಿಡಿಯುತ್ತೆ ಅಂತ ನಂಬಿ ನೀವೆಲ್ಲ ಊರಿಗೆ ಹೋಗೋದು ನನಗೆ ಇಷ್ಟ ಇಲ್ಲ.

ಗಾಜಿಗೆ ತೂತು ಹಾಕಿದ್ರೆ ಅದು ಕೆರೆ ಕೋಡಿ ಇದ್ದಂಗೆ. ಮಟ್ಟ ಮೀರಿದ ನೀರು ತಾನೇ ಹರಿಯುತ್ತೆ, ಮಟ್ಟಕ್ಕೆ ಇಳಿದ್ರೆ ತಾನೇ ನಿಲ್ಲುತ್ತೆ, ಎಳೆಯೋದು ಏನೂ ಇಲ್ಲ. ಅದಕ್ಕೇ ನಾನು ಕೊರೆಸು ಅನ್ನೋದು. ಅದೂ ಎರಡು ತೂತು. ಒಂದು ಪೈಪಿಗೆ ಗೇಟ್ ವಾಲ್, ಅಂದ್ರೆ ತಿರುಗಿಸಿ ಹರಿವು ಹೆಚ್ಚು ಕಮ್ಮಿ ಮಾಡೋ ವಾಲ್, ಹಾಕಿ ತುಂಬಿ ಹರಿಯೋ ಹಂಗೆ ಸರಿ ಮಾಡು, ರಾತ್ರಿ ಗುಳುಗುಳು ಸದ್ದೇ ಇರಲ್ಲ. ಎರಡನೇದು ಸ್ವಲ್ಪ ಮೇಲಿರ್ಲಿ, ವಾಲ್ ಬೇಡ, ಸುಮ್ನೆ ಖಾಲಿ ಇರ್ಲಿ. ಮೊದಲನೇದ್ರಲ್ಲಿ ಎಲೇನೋ ಬಸವನಹುಳುನೋ ಸಿಕ್ಕೊಂಡ್ರೆ ಇದು ಪೂರ್ತಿ ನೀರನ್ನ ತಗೊಳ್ಳುತ್ತೆ. ಇದಕ್ಕೆ ಹರ್ಬಿ ಅಂತಾರೆ. ಮೂರು ಪೈಪಿಂದು ಬೀನ್‌ಅನಿಮಲ್ ಅಂತ ಇದೆ, ನಿನ್ನ ಟ್ಯಾಂಕಿಗೆ ಅಷ್ಟು ಬೇಕಿಲ್ಲ. ಒಂದು ಸೂಕ್ಷ್ಮ: ವಾಲ್ ಇರೋ ಪೈಪಿನ ತುದಿ ಸಂಪ್ ನೀರಲ್ಲಿ ಒಂದಿಂಚು ಮುಳುಗಿದ್ರೆ ಸಾಕು. ಆಳಕ್ಕೆ ಇಳಿಸಿದ್ರೆ ಕರೆಂಟ್ ಬಂದಾಗ ಒಳಗಿನ ಗಾಳಿ ಹೊರಗೆ ಹೋಗಕ್ಕಾಗ್ದೆ ತಿಣುಕುತ್ತೆ.

ಈಗ ಲೆಕ್ಕ. ನಿನ್ನ ಟ್ಯಾಂಕ್ ಅಗಲ ಒಂದೂವರೆ ಅಡಿ ಅಂದೆ. ಹಂಗಾದ್ರೆ ಒಂದಿಂಚು ನೀರು ಅಂದ್ರೆ ಸುಮಾರು 14 ಲೀಟರ್. ಪಂಪ್ ನಿಂತಾಗ ಎರಡಿಂಚು ಇಳಿದ್ರೆ 28 ಲೀಟರ್ ಸಂಪ್‌ಗೆ ಬರುತ್ತೆ, ಪೈಪಲ್ಲಿರೋದು ಬೇರೆ. ಅದಕ್ಕೆ ಸಂಪ್‌ನಲ್ಲಿ 40 ಲೀಟರ್‌ನಷ್ಟು ಜಾಗ ಯಾವಾಗ್ಲೂ ಖಾಲಿ ಬಿಡು. ಮೇಲಕ್ಕೆ ಹೋಗೋ ಪೈಪಿನ ಬಾಯಿ ನೀರಿನ ಮಟ್ಟಕ್ಕೆ ಹತ್ತಿರ ಇರ್ಲಿ, ಆಳದಲ್ಲಿದ್ರೆ ಅದೇ ಪೈಪ್ ಟ್ಯಾಂಕಿನ ನೀರನ್ನ ಕೆಳಗೆ ಎಳೆಯುತ್ತೆ. ನೀರು ವಾಪಸ್ ಬರದಂಗೆ ತಡೆಯೋ ಚೆಕ್ ವಾಲ್ ಒಂದನ್ನೇ ನಂಬ್ಬೇಡ, ನಮ್ಮ ಬೋರ್‌ವೆಲ್ ನೀರಿಗೆ ಬಿಳಿ ಉಪ್ಪು ಕಟ್ಟಿ ಅದು ಸರಿಯಾಗಿ ಮುಚ್ಚಲ್ಲ. ಪಂಪ್ ಡಬ್ಬದ ಮೇಲಿನ ನಂಬರ್ ನೋಡಿ ಮೋಸ ಹೋಗ್ಬೇಡ, ನಾಲ್ಕಡಿ ಮೇಲೆ ಎತ್ತೋವಾಗ ಎಷ್ಟು ಕೊಡುತ್ತೆ ಅಂತ ಕೇಳು. ಗಂಟೆಗೆ ಸಾವಿರ ಲೀಟರ್ ಸಿಕ್ಕಿದ್ರೆ ನಿಂಗೆ ಧಾರಾಳ, ಏಂಜಲ್‌ಗೆ ಜೋರು ಹರಿವು ಆಗಲ್ಲ.

ಕೊರೆಸೋಕೆ ಮುಂಚೆ ಗಾಜು ಟಫನ್ಡ್, ಅಂದ್ರೆ ಕಾಯಿಸಿ ಗಟ್ಟಿ ಮಾಡಿದ್ದು, ಹೌದೋ ಅಲ್ವೋ ನೋಡ್ಲೇಬೇಕು. ಟಫನ್ಡ್ ಗಾಜಿಗೆ ಡ್ರಿಲ್ ತಾಗಿದ್ರೆ ಇಡೀ ಗಾಜು ಪುಡಿ ಪುಡಿ. ಗಾಜಿನ ಹಿಂದೆ ಲ್ಯಾಪ್‌ಟಾಪ್‌ನ ಬಿಳಿ ಸ್ಕ್ರೀನ್ ಇಟ್ಟು, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನೋಡು. ಕಪ್ಪು ಪಟ್ಟೆ, ಬಣ್ಣದ ಮಚ್ಚೆ ಕಂಡ್ರೆ ಕೈ ಹಾಕ್ಬೇಡ. ಹಂಗೇನಾದ್ರೂ ಆದ್ರೆ ಓವರ್‌ಫ್ಲೋ ಆಸೆನೇ ಬಿಟ್ಬಿಡು, ಟ್ಯಾಂಕಿನ ಆಚೆ ಇಡೋ ಮುಚ್ಚಿದ ಡಬ್ಬದಂಥ ಕ್ಯಾನಿಸ್ಟರ್ ಫಿಲ್ಟರ್ ಇನ್ನೊಂದು ಹಾಕು, ಮೀನಿಗೆ ಯಾವ ಕೊರತೆನೂ ಆಗಲ್ಲ.

ಮಾಮೂಲಿ ಗಾಜಾದ್ರೆ ಮೊದಲು ತೂತಲ್ಲಿ ಪೈಪ್ ಕೂರಿಸೋ ಟ್ಯಾಂಕ್ ನಿಪ್ಪಲ್ ತಂದು, ಅದರ ಮರೆ (ಥ್ರೆಡ್) ಅಳೆದು, ಆಮೇಲೆ ಡೈಮಂಡ್ ಬಿಟ್ ತಗೋ. ಒಂದಿಂಚಿನ ನಿಪ್ಪಲ್‌ಗೆ ತೂತು ಒಂದಿಂಚಿಗಿಂತ ತುಂಬಾ ದೊಡ್ಡದು ಬೇಕು. ಗಾಜಿನ ಅಂಚಿಂದ ತೂತಿನ ಅಗಲದಷ್ಟಾದ್ರೂ ಒಳಗಿರ್ಲಿ. ನೀರು ಬಿಡ್ತಾ, ಒತ್ತದೆ, ನಿಧಾನಕ್ಕೆ ಕೊರೀಬೇಕು.

ಟ್ಯಾಂಕನ್ನ ನೀರಿನ ಸಮೇತ ಒಂದಿಂಚೂ ಸರಿಸ್ಬೇಡ. ನೀರೇ ಇನ್ನೂರು ಕೇಜಿ ಮೇಲಿದೆ, ತಳದ ಗಾಜು ಸೀಳುತ್ತೆ. ಮೀನನ್ನ ದೊಡ್ಡ ಡ್ರಮ್ಮಿಗೆ ಅದೇ ಹಳೇ ನೀರಲ್ಲಿ ಹಾಕು, ಏರ್ ಪಂಪ್ ಓಡ್ಲಿ. ಫಿಲ್ಟರ್ ಸ್ಪಂಜು, ಕಲ್ಲು ಒಣಗಕ್ಕೆ ಬಿಡ್ಬೇಡ, ನಲ್ಲಿ ನೀರಲ್ಲಿ ತೊಳೀಬೇಡ. ಇಷ್ಟು ವರ್ಷ ಆ ಟ್ಯಾಂಕ್ ಉಳಿದಿರೋದು ಅದರಲ್ಲಿರೋ ಬ್ಯಾಕ್ಟೀರಿಯಾದಿಂದ. ಸಂಪ್ ಶುರುವಾದ ಮೇಲೂ ಹಳೇ ಫಿಲ್ಟರ್ ಒಂದು ತಿಂಗಳಾದ್ರೂ ಜೊತೇಲೇ ಓಡ್ಲಿ.

ಎಲ್ಲಾ ಆದ್ಮೇಲೆ ನೀನೇ ನಿಂತು ಸ್ವಿಚ್ ತೆಗೆದು ಹಾಕಿ, ತೆಗೆದು ಹಾಕಿ ನೋಡು. ಕೆಳಗೆ ಉಕ್ಕಬಾರ್ದು, ಮೇಲೂ ಉಕ್ಕಬಾರ್ದು. ಬಾಕ್ಸಿಗೆ ಅಡ್ವಾನ್ಸ್ ಕೊಡ್ಬೇಡ ಈಗ್ಲೇ. ಗಾಜು ಎಷ್ಟು ಎಂಎಂ, ಟ್ಯಾಂಕ್ ಹಿಂದೆ ಗೋಡೆಗೆ ಎಷ್ಟಿಂಚು ಜಾಗ ಇದೆ ಅಂತ ಅಳೆದು ಇಲ್ಲೇ ಹಾಕು, ಪೈಪ್ ಯಾವ ಕಡೆ ತಿರುಗಿಸ್ಬೇಕು ಅಂತ ಅದನ್ನ ನೋಡಿ ಹೇಳ್ತೀನಿ.